ಸ್ಟೆಪ್ನಿಗೆ ಗಾಳಿ ಇದೆಯೇ?

ಪ್ರವಾಸ ಹೊರಡುವ ಮುನ್ನ ನಾವು ಹೆಂಗಸರು ಏನೆಲ್ಲ ಕಟ್ಟಿಕೊಳ್ಳುತ್ತೇವೆ! ಪುಳಿಯೋಗರೆ, ಚಕ್ಕುಲಿ ಡಬ್ಬಿ, ಜಮಖಾನೆ, ಮಕ್ಕಳ ಸ್ವೆಟರು. ಆದರೆ ಗಾಡಿಯ ಸ್ಟೆಪ್ನಿಗೆ ಗಾಳಿ ಇದೆಯೇ ಎಂದು ಎಂದಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಅದು ಗಂಡಸರ ಕೆಲಸ ಅಂದುಕೊಂಡಿದ್ದೆ.

ನಮ್ಮದು ಹಳೆಯ ವ್ಯಾನು. ಹಿಂದಿನ ಸೀಟು ಮಡಿಸಿ ಹಾಸಿಗೆ, ಸ್ಟೌ, ನೀರಿನ ಕ್ಯಾನು ಇಟ್ಟುಕೊಂಡು ಹೊರಡುತ್ತೇವೆ. ಅಮೆರಿಕದಲ್ಲಿ ಮೋಟಾರ್ ಹೋಮ್ ಅಂತಾರಲ್ಲ, ಅದರ ಬಡ ತಂಗಿ ಅನ್ನಿ! ಹೋದ ದಸರಾ ರಜೆಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಚಕ್ರ ಪಂಕ್ಚರ್. ಮುಸ್ಸಂಜೆ, ಮಂಜು ಬೇರೆ. ಸಾಮಾನೆಲ್ಲ ಇಳಿಸಿ ಸ್ಟೆಪ್ನಿ ತೆಗೆದರೆ ಅದೂ ಚಪ್ಪಟೆ! ಮೊಬೈಲಿಗೆ ಸಿಗ್ನಲ್ ಇಲ್ಲ.

ಪುಣ್ಯಾತ್ಮ ಲಾರಿಯವನೊಬ್ಬ ನಮ್ಮವರನ್ನೂ ಚಕ್ರವನ್ನೂ ಹತ್ತಿಸಿಕೊಂಡು ಉಜಿರೆಗೆ ಹೋದ. ಇತ್ತ ಸಕ್ಕರೆ ಕಾಯಿಲೆಯ ಅತ್ತೆಯವರಿಗೆ ಊಟದ ಹೊತ್ತು ಮೀರಿ ಬೆವರು, ಕೈನಡುಕ ಶುರುವಾಯಿತು. ಬುತ್ತಿ ಖಾಲಿ. ಚೀಲದ ಮೂಲೆಯಲ್ಲಿದ್ದ ಬೆಲ್ಲದ ಚೂರೇ ಅಂದು ಕಾಪಾಡಿತು. ನಮ್ಮವರು ಮರಳುವ ತನಕದ ಎರಡು ಗಂಟೆ ನನಗೆ ಎರಡು ದಿನವಾಗಿತ್ತು. ಸುಧಾರಿಸಿಕೊಂಡ ಮೇಲೆ ಅತ್ತೆ ಅಂದರು: “ಉಪ್ಪಿನಕಾಯಿ ಭರಣಿ ತಿಂಗಳಿಗೊಮ್ಮೆ ತೆಗೆದು ನೋಡ್ತೀಯಲ್ಲಮ್ಮ, ಇದನ್ನೂ ನೋಡಬಾರದೇ?”

ಅಂದಿನಿಂದ ನೋಡುತ್ತೇನೆ. ನೀವೂ ನೋಡಿ. ತಿಂಗಳಿಗೊಮ್ಮೆ ನಾಲ್ಕು ಚಕ್ರದ ಜೊತೆ ಐದನೆಯದಕ್ಕೂ ಗಾಳಿ ಹಿಡಿಸಿ. ಎಷ್ಟು ಗಾಳಿ ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಟೈರಿಗೂ ವಯಸ್ಸಿದೆ. ಅದರ ಪಕ್ಕದಲ್ಲಿ 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಬಳಸದೆ ಇಟ್ಟರೂ ರಬ್ಬರು ಹಳತಾಗುತ್ತದೆ.

ಜ್ಯಾಕು, ಪಾನಾ, ಟಾರ್ಚು, ಕೆಂಪು ತ್ರಿಕೋನ, ಎರಡು ಮರದ ತುಂಡು ಕೈಗೆ ಸಿಗುವಂತಿರಲಿ, ಪಾತ್ರೆಗಳ ಅಡಿಯಲ್ಲಿ ಬೇಡ. ಚಕ್ರ ಬದಲಿಸುವಾಗ ಗಾಡಿ ಸಮನಾದ ಗಟ್ಟಿ ನೆಲದಲ್ಲಿರಲಿ, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಹ್ಯಾಂಡ್‌ಬ್ರೇಕ್ ಎಳೆದು ಬೇರೆ ಚಕ್ರಗಳಿಗೆ ಮರದ ತುಂಡು ಕೊಡಿ. ನಟ್ಟುಗಳನ್ನು ಮೊದಲು ಸ್ವಲ್ಪ ಸಡಿಲಿಸಿ, ಆಮೇಲೆ ಜ್ಯಾಕು ಏರಿಸಿ. ಗಾಡಿಯ ಅಡಿಗೆ ಕೈಕಾಲು ಹಾಕಲೇಬೇಡಿ. ಹೊಸ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಗಾಡಿ ಇಳಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಗಿಯಿರಿ. ಸ್ಟೆಪ್ನಿ ಸಣ್ಣ ಅಳತೆಯದಾದರೆ ಗಂಟೆಗೆ 80 ಕಿಲೋಮೀಟರ್ ದಾಟಬೇಡಿ.

ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ತಿಳಿಸುವ ಸಾಧನ, ರಿಪೇರಿ ಕಿಟ್ಟು ಇದ್ದರೆ ಸಾಕೆಂದು 2020ರಲ್ಲಿ ನಿಯಮ ಬದಲಾಯಿತು. ಅಮೆರಿಕದ ಎಷ್ಟೋ ಮೋಟಾರ್ ಹೋಮ್‌ಗಳಿಗೂ ಸ್ಟೆಪ್ನಿ ಕೊಡುವುದಿಲ್ಲವಂತೆ. ಆದರೆ ಟೈರಿನ ಪಕ್ಕ ಹರಿದರೆ ಕಿಟ್ಟಿನಿಂದ ಪ್ರಯೋಜನವಿಲ್ಲ. ಕೊಳ್ಳುವಾಗಲೇ ಕೇಳಿ ತಿಳಿಯಿರಿ.

ಅಂದಹಾಗೆ, ಈ ಹೆಸರು ಬಂದದ್ದು ಒಂದು ಬೀದಿಯಿಂದ! ವೇಲ್ಸ್ ನಾಡಿನ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಬಿಡಿ ಚಕ್ರ ತಯಾರಿಸಿದರು.

ಮುಂದಿನ ಸಲ ಬುತ್ತಿ ಕಟ್ಟುವಾಗ ಯಜಮಾನರನ್ನು ಒಂದು ಮಾತು ಕೇಳಿ: “ಸ್ಟೆಪ್ನಿಗೆ ಗಾಳಿ ಇದೆಯೇನ್ರೀ?” ಜೊತೆಗೆ ಚೀಲದಲ್ಲಿ ಒಂದು ಅಚ್ಚು ಬೆಲ್ಲವೂ ಇರಲಿ.