ಸುಬಾಂಗ್ ಜಯಾದಲ್ಲಿ ಹಳೆಯ ಸಾಲುಮನೆ ಕೊಳ್ಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಇಲ್ಲಿ ನೆಲೆಸಿದ ನಮ್ಮಲ್ಲಿ ಹೆಚ್ಚಿನವರು ಮನೆ ಕಟ್ಟುವುದಿಲ್ಲ, ಬೇರೆಯವರು ಬಾಳಿದ ಮನೆಯನ್ನು ಕೊಳ್ಳುತ್ತೇವೆ. ಊರಿನಿಂದ ಬರುವ ಅಪ್ಪ ಅಮ್ಮನಿಗೆ ಲಿಫ್ಟಿನ ಗೊಡವೆ ಬೇಡ, ಬಾಗಿಲ ಮುಂದೆ ರಂಗೋಲಿಗೆ, ತುಳಸಿ ಗಿಡಕ್ಕೆ ಜಾಗ ಬೇಕು ಎಂಬುದು ನಮ್ಮೆಲ್ಲರ ಆಸೆ. ವರ್ಷಗಟ್ಟಲೆ ಕೂಡಿಟ್ಟ ಹಣ ಇದರಲ್ಲಿ ತೊಡಗುವುದರಿಂದ ಕೆಲವು ವಿಷಯಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಸೀಫೀಲ್ಡ್ ಎಸ್ಟೇಟಿನ ತೋಟವಾಗಿದ್ದ ಈ ನೆಲದಲ್ಲಿ ಊರು ಕಟ್ಟುವ ಕೆಲಸ ಶುರುವಾದದ್ದು 1976ರಲ್ಲಿ. ಎಸ್‌ಎಸ್ 14, ಎಸ್‌ಎಸ್ 15ರಂಥ ಹಳೆಯ ಬಡಾವಣೆಗಳ ಸಾಲುಮನೆಗಳಲ್ಲಿ ಎರಡೂ ಪಕ್ಕದ ಗೋಡೆ ನೆರೆಯವರೊಂದಿಗೆ ಹಂಚಿಕೆಯಾಗಿರುತ್ತದೆ. ನೋಡಲು ನಮ್ಮ ವಠಾರದಂತೆ ಕಂಡರೂ ವಠಾರಕ್ಕೆ ಮಾಲೀಕರು ಒಬ್ಬರೇ. ಇಲ್ಲಿ ಪ್ರತಿ ಮನೆಗೂ ಪ್ರತ್ಯೇಕ ಹಕ್ಕುಪತ್ರವಿದೆ. 2016ರಲ್ಲಿ ಎಲ್‌ಆರ್‌ಟಿ ರೈಲು ಬಂದ ಮೇಲೆ ನಿಲ್ದಾಣಕ್ಕೆ ನಡೆದುಹೋಗಬಹುದಾದ ಮನೆಗಳನ್ನು ಹುಡುಕುವವರು ಹೆಚ್ಚು.

ಹಕ್ಕುಪತ್ರ: ಕರ್ನಾಟಕದಲ್ಲಿ ಮೂಲಪತ್ರದಿಂದ ಹಿಡಿದು ಕ್ರಯಪತ್ರಗಳ ಸರಪಣಿಯನ್ನೇ ಪರಿಶೀಲಿಸುತ್ತೇವೆ. ಮಲೇಷ್ಯಾದಲ್ಲಿ ಟೊರೆನ್ಸ್ ಪದ್ಧತಿ ಇದೆ. ಭೂಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಆದ್ದರಿಂದ ಮುಂಗಡ ಕೊಡುವ ಮೊದಲು ವಕೀಲರಿಂದ ಆ ದಾಖಲೆಯನ್ನು ತೆಗೆಸಿ ನೋಡಬೇಕು. ಬ್ಯಾಂಕಿನ ಅಡಮಾನ, ತಡೆಯಾಜ್ಞೆ, ಜಮೀನು ಶಾಶ್ವತ ಹಕ್ಕಿನದೋ ಗುತ್ತಿಗೆಯದೋ ಎಂಬುದೆಲ್ಲ ಅದರಲ್ಲೇ ತಿಳಿಯುತ್ತದೆ.

ವಿದೇಶಿ ಪಾಸ್‌ಪೋರ್ಟ್ ಉಳ್ಳವರು: ಕೊಳ್ಳಲು ರಾಜ್ಯ ಸರ್ಕಾರದ ಒಪ್ಪಿಗೆ ಕಡ್ಡಾಯ. ಸೆಲಂಗೋರ್ 2014ರಲ್ಲಿ ನಿಯಮ ಬಿಗಿಗೊಳಿಸಿ, ಈ ಭಾಗದಲ್ಲಿ ಕನಿಷ್ಠ ಬೆಲೆಯನ್ನು 20 ಲಕ್ಷ ರಿಂಗಿಟ್‌ಗೆ ಏರಿಸಿತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಮನೆ ಮೆಚ್ಚುವ ಮೊದಲೇ ಭೂಕಚೇರಿಯಲ್ಲಿ ವಿಚಾರಿಸಿದರೆ ನಿರಾಸೆ ತಪ್ಪುತ್ತದೆ.

ಕಟ್ಟಡ: ನಲವತ್ತು ದಾಟಿದ ಮನೆಗೆ ಹೊಸ ಬಣ್ಣ ಬಳಿದರೆ ವಯಸ್ಸು ಕಾಣದು. ಚಾವಣಿಯ ಮರದಲ್ಲಿ ಗೆದ್ದಲು, ತುಕ್ಕು ಹಿಡಿದ ಕಬ್ಬಿಣದ ನಲ್ಲಿ ಕೊಳವೆ, ಹಳೆಯ ವಿದ್ಯುತ್ ತಂತಿ ಈ ಮೂರನ್ನು ಬಲ್ಲವರಿಂದ ಪರೀಕ್ಷಿಸಿ. ಜೋರು ಮಳೆಯ ನಂತರ ಇನ್ನೊಮ್ಮೆ ಹೋದರೆ ಸೋರುವ ಜಾಗ ತಾನೇ ಕಾಣುತ್ತದೆ. ಹಿಂದೆ ಅಡುಗೆಮನೆ ವಿಸ್ತರಿಸಿದ್ದರೆ ಪಾಲಿಕೆಯ ಅನುಮತಿಪತ್ರ ಕೇಳಿ. ಅನುಮತಿ ಇಲ್ಲದಿದ್ದರೆ ಅದರ ತಾಪತ್ರಯ ಹೊಸ ಮಾಲೀಕರ ತಲೆಗೇ ಬರಬಹುದು.

ಹಣ: ಸಾಮಾನ್ಯವಾಗಿ ಕರಾರಿನ ಹೊತ್ತಿಗೆ ಬೆಲೆಯ ಶೇಕಡಾ 10ರಷ್ಟು ಕೊಡಬೇಕು. ಬ್ಯಾಂಕ್ ಸಾಲ ಕೊಡುವಾಗ ನಾವು ಒಪ್ಪಿದ ಬೆಲೆಯನ್ನಷ್ಟೇ ನೋಡದೆ ತನ್ನ ಮೌಲ್ಯಮಾಪನವನ್ನೂ ನೋಡುತ್ತದೆ. ಸಾಲ ಮಂಜೂರಾಗುವ ಮೊದಲೇ ಸಹಿ ಹಾಕಿ, ಆಮೇಲೆ ಹಣ ಹೊಂದಿಸಲಾಗದಿದ್ದರೆ ಮುಂಗಡ ಕೈಬಿಟ್ಟುಹೋದೀತು. ವರ್ಗಾವಣೆಯ ಮುದ್ರಾಂಕ ಶುಲ್ಕ ನಾಗರಿಕರಿಗೆ ಮೊದಲ 1 ಲಕ್ಷ ರಿಂಗಿಟ್‌ಗೆ ಶೇಕಡಾ 1, ನಂತರದ 4 ಲಕ್ಷಕ್ಕೆ 2, ಅದರ ಮೇಲೆ 10 ಲಕ್ಷದವರೆಗೆ 3. ಅಂದರೆ 8 ಲಕ್ಷದ ಮನೆಗೆ 1,000 + 8,000 + 9,000, ಒಟ್ಟು 18,000 ರಿಂಗಿಟ್. ವಿದೇಶೀಯರಿಗೆ ದರ ಇನ್ನೂ ಹೆಚ್ಚು. ವಕೀಲರ ಶುಲ್ಕ, ದುರಸ್ತಿಯ ಖರ್ಚು ಬೇರೆ.

ಕೊನೆಯದಾಗಿ, ಗೋಡೆ ಹಂಚಿಕೊಳ್ಳುವವರು ನೆಮ್ಮದಿಯನ್ನೂ ಹಂಚಿಕೊಳ್ಳುತ್ತಾರೆ. ಅಕ್ಕಪಕ್ಕದ ಮನೆಯವರನ್ನು ಮೊದಲೇ ಕಂಡು ಮಾತಾಡಿಸಿ. ಆ ಬೀದಿಯ ನೀರು, ಕಳ್ಳಕಾಕರು, ಕಾರು ನಿಲ್ಲಿಸುವ ಜಗಳ ಇವೆಲ್ಲದರ ನಿಜಸ್ಥಿತಿ ದಲ್ಲಾಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.