ಮೇಪಲ್ ಪಾಕದ ವ್ಯವಸಾಯವೂ ಹವಾಗುಣದ ಮಾರ್ಪಾಟೂ

ಕಬ್ಬು, ಈಚಲು, ತೆಂಗು, ಬೈನೆ ಮೊದಲಾದುವುಗಳ ರಸವನ್ನು ಕಾಯಿಸಿ ಬೆಲ್ಲವನ್ನು ತೆಗೆಯುವ ಕ್ರಮವು ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಆದರೆ ಹಿಮ ಬೀಳುವ ಶೀತದೇಶದಲ್ಲಿ, ಎಲೆಯುದುರಿ ಬೋಳಾಗಿ ನಿಂತ ಕಾಡುಮರದ ಬೊಡ್ಡೆಗೆ ರಂಧ್ರವನ್ನು ಕೊರೆದು, ಅಲ್ಲಿಂದ ತೊಟ್ಟಿಕ್ಕುವ ನೀರಿನಂತಹ ರಸದಿಂದ ಸಿಹಿಯಾದ ಪಾಕವನ್ನು ಮಾಡುವ ಕಸುಬೊಂದುಂಟೆಂದರೆ ವಾಚಕರಲ್ಲಿ ಅನೇಕರಿಗೆ ಆಶ್ಚರ್ಯವಾಗಬಹುದು. ಉತ್ತರ ಅಮೆರಿಕ ಖಂಡದ ಈಶಾನ್ಯ ಭಾಗದಲ್ಲಿ, ಎಂದರೆ ಕೆನಡಾ ದೇಶದ ಕ್ವಿಬೆಕ್, ಆಂಟೇರಿಯೊ ಮುಂತಾದ ಪ್ರಾಂತಗಳಲ್ಲಿಯೂ, ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ವರ್ಮಾಂಟ್, ನ್ಯೂಯಾರ್ಕ್, ಮೇಯ್ನ್ ಸೀಮೆಗಳಲ್ಲಿಯೂ ಇದು ದೊಡ್ಡ ಉದ್ಯಮವಾಗಿರುವುದು. ಲೋಕದಲ್ಲಿ ತಯಾರಾಗುವ ಮೇಪಲ್ ಪಾಕದಲ್ಲಿ ಶೇಕಡ 70ರಷ್ಟು ಕ್ವಿಬೆಕ್ ಒಂದರಿಂದಲೇ ಬರುತ್ತದೆ. ಐರೋಪ್ಯರು ಆ ನೆಲದಲ್ಲಿ ಕಾಲಿಡುವುದಕ್ಕೆ ಮುಂಚಿನಿಂದಲೂ ಅಲ್ಲಿಯ ಮೂಲನಿವಾಸಿಗಳು ಈ ವಿದ್ಯೆಯನ್ನು ಬಲ್ಲವರಾಗಿದ್ದರು.

ಇದಕ್ಕೆ ಮುಖ್ಯವಾಗಿ ಬಳಸುವುದು ಸಕ್ಕರೆ ಮೇಪಲ್ ಎಂಬ ಜಾತಿಯ ಮರ. ಬೊಡ್ಡೆಯು ಹತ್ತು ಅಂಗುಲ ಅಡ್ಡಳತೆಗೆ ಬರುವವರೆಗೆ ಅದಕ್ಕೆ ನಾಳ ಹಾಕತಕ್ಕದ್ದಲ್ಲ. ಅಷ್ಟು ಬೆಳೆಯಲು ಸುಮಾರು 40 ವರ್ಷ ಬೇಕು. ರಸದಲ್ಲಿ ಸಕ್ಕರೆಯ ಅಂಶ ಶೇಕಡ ಎರಡರ ಆಸುಪಾಸಿನಲ್ಲಿರುವುದು. ನಮ್ಮ ಕಬ್ಬಿನ ಹಾಲನ್ನು ಕಾಯಿಸಿ ಬಲ್ಲವರಿಗೆ ಇದು ಎಷ್ಟು ತೆಳುವೆಂಬುದು ಕೂಡಲೇ ತಿಳಿಯುವುದು. ಒಂದು ಲೀಟರ್ ಪಾಕಕ್ಕೆ 40 ಲೀಟರಿಗೂ ಮೀರಿ ರಸವನ್ನು ಇಂಗಿಸಬೇಕು.

ಈ ರಸವು ಹರಿಯುವ ಬಗೆ ವಿಚಿತ್ರವಾದುದು. ಮರದ ನಾರಿನ ಕೋಶಗಳಲ್ಲಿ ಗಾಳಿಯು ಅಡಗಿರುವುದು. ರಾತ್ರಿಯ ಚಳಿಗೆ ಆ ಗಾಳಿಯು ಕುಗ್ಗಿ, ಸುತ್ತಲಿನ ತೇವವು ಕೋಶಗಳೊಳಗೆ ಮಂಜುಗಡ್ಡೆಯಾಗಿ ಕೂಡುವುದು; ಈ ಸೆಳೆತದಿಂದ ಬೇರುಗಳು ಭೂಮಿಯಿಂದ ಹೊಸ ನೀರನ್ನು ಮೇಲಕ್ಕೆಳೆಯುವುವು. ಹಗಲಿನಲ್ಲಿ ಗಡ್ಡೆ ಕರಗಿ, ಒತ್ತಲ್ಪಟ್ಟಿದ್ದ ಗಾಳಿಯು ಹಿಗ್ಗಿ ರಸವನ್ನು ನೂಕುವುದು. ಬೊಡ್ಡೆಯಲ್ಲಿ ರಂಧ್ರವಿದ್ದರೆ ಅಲ್ಲಿಂದ ಅದು ಹೊರಬೀಳುವುದು. ಆದುದರಿಂದ ರಾತ್ರಿಯ ಉಷ್ಣಮಾನವು ಸೊನ್ನೆಗಿಂತ ಕೆಳಗಿಳಿಯಬೇಕು, ಹಗಲಿನಲ್ಲಿ ನಾಲ್ಕೈದು ಡಿಗ್ರಿ ಸೆಂಟಿಗ್ರೇಡಿಗೆ ಏರಬೇಕು. ಎಡೆಬಿಡದೆ ಚಳಿಯಿದ್ದರೂ ರಸವಿಲ್ಲ, ಎಡೆಬಿಡದೆ ಬೆಚ್ಚಗಿದ್ದರೂ ರಸವಿಲ್ಲ. ಇಂತಹ ದಿನಗಳು ಚಳಿಗಾಲದ ಕೊನೆಯಲ್ಲಿ ನಾಲ್ಕಾರು ವಾರಗಳೊಳಗೆ ಬಂದು ಹೋಗುವುವು. ವರ್ಷದ ಸಂಪಾದನೆಯೆಲ್ಲ ಅಷ್ಟರಲ್ಲಿಯೇ ಆಗತಕ್ಕದ್ದು.

ಭೂಮಿಯ ಹವೆಯು ಬಿಸಿಯಾಗುತ್ತಿರುವುದರಿಂದ ಮೊದಲು ಕೆಟ್ಟಿರುವುದು ಈ ದಿನಗಳ ಲೆಕ್ಕ. ವರ್ಮಾಂಟಿನ ಹಳಬರು ಮಾರ್ಚಿ ತಿಂಗಳ ಮೊದಲನೆಯ ಮಂಗಳವಾರ ಸೇರುವ ಊರಸಭೆಯನ್ನೇ ಗುರುತಾಗಿಟ್ಟುಕೊಂಡು ಆ ಹೊತ್ತಿಗೆ ನಾಳಗಳನ್ನು ಹಾಕುತ್ತಿದ್ದರು. ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಕ್ಟರ್ ಮೇಪಲ್ ಸಂಶೋಧನಾಲಯದವರು ಪರಿಶೀಲಿಸಿದಂತೆ, 1963ನೆಯ ಇಸವಿಯಿಂದ 2003ರವರೆಗಿನ ನಾಲ್ವತ್ತು ವರ್ಷಗಳಲ್ಲಿ ಸುಗ್ಗಿಯ ಪ್ರಾರಂಭವು ಸುಮಾರು 8 ದಿನ ಮುಂದಾಗಿಯೂ, ಅದರ ಮುಕ್ತಾಯವು ಸುಮಾರು 11 ದಿನ ಮುಂದಾಗಿಯೂ ಬಂದಿತು. ನಷ್ಟವು ಮೂರೇ ದಿನವೆಂದು ಉಪೇಕ್ಷಿಸಬಾರದು. ಒಂದು ತಿಂಗಳ ಸುಗ್ಗಿಯಲ್ಲಿ ಅದು ಹತ್ತನೆಯ ಒಂದು ಪಾಲು.

ಬೆಳೆಗಾರನ ಕಷ್ಟವು ಇದಕ್ಕಿಂತಲೂ ಸೂಕ್ಷ್ಮವಾದುದು. ಕೊರೆದ ರಂಧ್ರವು ಬಹುಕಾಲ ತೆರೆದಿರುವುದಿಲ್ಲ. ಸೂಕ್ಷ್ಮಜೀವಿಗಳು ಸೇರಿ, ಮರವು ತನ್ನ ಗಾಯವನ್ನು ತಾನೇ ಮುಚ್ಚಿಕೊಂಡು, ಕೆಲವು ವಾರಗಳಲ್ಲಿ ರಸವು ಬತ್ತುವುದು. ಹವೆ ಬೆಚ್ಚಗಾದಷ್ಟೂ ಬೇಗ ಬತ್ತುವುದು. ಜನವರಿಯಲ್ಲಿ ಒಂದು ವಾರ ಹಿತವಾದ ಬಿಸಿಲು ಕಂಡಿತೆಂದು ಕೊರೆದರೆ ಮಾರ್ಚಿಯ ಒಳ್ಳೆಯ ರಸವು ಕೈತಪ್ಪಬಹುದು. ಕಾದು ಕುಳಿತರೆ ಮೊದಲ ಹರಿವು ವ್ಯರ್ಥವಾಗಬಹುದು. ಹಾಗೆಂದು ಎರಡನೆಯ ಸಲ ಕೊರೆಯುವುದು ಮರಕ್ಕೆ ಹಿತವಲ್ಲ. ಇನ್ನು ಮೊಗ್ಗು ಬಿರಿಯತೊಡಗಿತೆಂದರೆ ರಸಕ್ಕೆ ಒಂದು ಕೆಟ್ಟ ರುಚಿ ಹತ್ತುವುದು. ಅದರ ಪಾಕವನ್ನು ಊಟದ ಮೇಜಿಗೆ ಕೊಳ್ಳುವವರಿಲ್ಲ. 2012ರ ಮಾರ್ಚಿ ತಿಂಗಳಲ್ಲಿ ಅಕಾಲದ ಸೆಕೆ ಬಂದು ಹೀಗೆಯೇ ಆಯಿತು. ಆ ವರ್ಷ ಸಂಯುಕ್ತ ಸಂಸ್ಥಾನಗಳ ಉತ್ಪನ್ನವು ಹಿಂದಿನ ವರ್ಷಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಇಳಿಯಿತು.

ಸೆಕೆಯು ರಸದ ಗುಣವನ್ನೂ ಕೆಡಿಸುವುದು. ಮರವು ಬೇಸಗೆಯಲ್ಲಿ ಕೂಡಿಟ್ಟ ಪಿಷ್ಟವೇ ವಸಂತದಲ್ಲಿ ಸಕ್ಕರೆಯಾಗತಕ್ಕದ್ದು. ಜುಲೈ ತಿಂಗಳು ಬಿಸಿಯಾದಷ್ಟೂ ಮುಂದಿನ ರಸವು ಸಪ್ಪೆಯಾಗುವುದೆಂದು ಕಂಡುಬಂದಿದೆ. ಶೇಕಡ 2 ಸಕ್ಕರೆಯಿದ್ದಲ್ಲಿ 43 ಲೀಟರ್ ರಸ ಸಾಕಾಗುವ ಕಡೆ, ಅದು ಒಂದೂವರೆಗಿಳಿದರೆ 57 ಲೀಟರ್ ಬೇಕಾಗುವುದು. ಉರುವಲಿನ ಖರ್ಚೂ ಅದೇ ಪ್ರಕಾರ ಏರುವುದು. ಬೇರುಗಳ ಸಂಗತಿಯು ಮೊದಲು ಕೇಳಿದವರಿಗೆ ವಿಪರೀತವಾಗಿ ತೋರಬಹುದು: ಚಳಿಗಾಲ ಬೆಚ್ಚಗಾದರೆ ಬೇರು ಚಳಿಯಿಂದ ಸಾಯುವುದು! ನೆಲದ ಮೇಲೆ ದಪ್ಪನಾಗಿ ಬಿದ್ದ ಹಿಮವು ಕಂಬಳಿಯಂತೆ ಮಣ್ಣನ್ನು ಕಾಯುವುದಷ್ಟೆ. ಹಿಮವು ತೆಳುವಾದಲ್ಲಿ ಆಮೇಲೆ ಬರುವ ಒಂದೇ ಕಡುಚಳಿಗೆ ಮಣ್ಣು ಹೆಪ್ಪುಗಟ್ಟಿ, ಮೇಲಿನ ಎಳೆಬೇರುಗಳು ಹಾಳಾಗುವುವು. ನ್ಯೂ ಹ್ಯಾಂಪ್‌ಷೈರಿನ ಹಬರ್ಡ್ ಬ್ರೂಕ್ ಅರಣ್ಯದಲ್ಲಿ ಗುದ್ದಲಿಗಳಿಂದ ಹಿಮವನ್ನು ತೆಗೆದುಹಾಕಿ ಪ್ರಯೋಗ ಮಾಡಿದಾಗ ಮೇಪಲ್ ಮರಗಳ ಬೆಳವಣಿಗೆಯು ಸ್ಪಷ್ಟವಾಗಿ ಕುಂಠಿತವಾಯಿತು.

ಹೀಗಿದ್ದರೂ ಪಾಕದ ಒಟ್ಟು ಉತ್ಪನ್ನವು ಹಿಂದಿಗಿಂತ ಹೆಚ್ಚಿರುವುದನ್ನು ನೋಡಿ ಭಯವು ಸುಳ್ಳೆಂದು ಕೆಲವರು ವಾದಿಸಬಹುದು. ಹೆಚ್ಚಳಕ್ಕೆ ಮುಖ್ಯ ಕಾರಣಗಳು ನಾಳಗಳ ಸಂಖ್ಯೆ ಬೆಳೆದಿರುವುದು ಮತ್ತು ಯಂತ್ರಗಳು. ಈಗ ಬಕೀಟುಗಳ ಸ್ಥಾನದಲ್ಲಿ ಪ್ಲಾಸ್ಟಿಕ್ ಕೊಳವೆಗಳು ಮರದಿಂದ ಮರಕ್ಕೆ ಹಬ್ಬಿವೆ. ನಿರ್ವಾತಯಂತ್ರವು ರಸವನ್ನು ಸೆಳೆಯುವುದರಿಂದ ಚಳಿ ಸಾಲದ ದಿನಗಳಲ್ಲಿಯೂ ಅಷ್ಟಿಷ್ಟು ದೊರೆಯುವುದು. ಆದರೆ ವರ್ಷದಿಂದ ವರ್ಷಕ್ಕೆ ಏರಿಳಿತವನ್ನು ಇವು ತಡೆದಿಲ್ಲ. ಕ್ವಿಬೆಕ್ ಪ್ರಾಂತದ ಉತ್ಪನ್ನವು 2022ರಲ್ಲಿ 21 ಕೋಟಿ ಪೌಂಡು, 2023ರಲ್ಲಿ ಸುಮಾರು 12 ಕೋಟಿ 40 ಲಕ್ಷ, 2024ರಲ್ಲಿ ಮತ್ತೆ 24 ಕೋಟಿಯ ಹತ್ತಿರ. ಇಂತಹ ಆಪತ್ತಿಗೆಂದೇ ಅಲ್ಲಿಯ ಬೆಳೆಗಾರರ ಸಂಘವು ಪೀಪಾಯಿಗಳಲ್ಲಿ ಪಾಕದ ದಾಸ್ತಾನನ್ನು ಇಟ್ಟಿದೆ. 2021ರಲ್ಲಿ ಅದರಿಂದ ಸುಮಾರು 5 ಕೋಟಿ ಪೌಂಡನ್ನು ಪೇಟೆಗೆ ಬಿಡಬೇಕಾಯಿತು. (2011-12ರಲ್ಲಿ ಇದೇ ದಾಸ್ತಾನಿನಿಂದ ಸುಮಾರು 3,000 ಟನ್ನು ಕಳುವಾಗಿ, ಕೆಲವು ಪೀಪಾಯಿಗಳಲ್ಲಿ ಬರಿಯ ನೀರು ಸಿಕ್ಕಿತೆಂಬುದು ಬೇರೆ ಕಥೆ.)

ಈ ಶತಮಾನದ ಕೊನೆಯ ವೇಳೆಗೆ ಸುಗ್ಗಿಯು ಸುಮಾರು ಒಂದು ತಿಂಗಳು ಮುಂಚಿತವಾಗಿ ಬರುವುದೆಂದೂ, ರಸಕ್ಕೆ ಅತ್ಯುತ್ತಮವಾದ ಪ್ರದೇಶವು 400 ಕಿಲೋಮೀಟರಿನಷ್ಟು ಉತ್ತರಕ್ಕೆ ಸರಿಯುವುದೆಂದೂ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತಿಳಿಸುತ್ತದೆ. ಉತ್ತರದ ಬೆಳೆಗಾರರಿಗೆ ಇದರಿಂದ ಲಾಭವೂ ಆಗಬಹುದು. ದಕ್ಷಿಣದಂಚಿನವರಾದರೋ, ತೋಪನ್ನು ಹೊತ್ತುಕೊಂಡು ಹೋಗುವಂತಿಲ್ಲ. ಅವರಿಗೆ ತಜ್ಞರು ಹೇಳುತ್ತಿರುವುದೇನೆಂದರೆ: ತೋಪಿನಲ್ಲಿ ಸಕ್ಕರೆ ಮೇಪಲನ್ನು ಮಾತ್ರ ಉಳಿಸಿಕೊಂಡು ಉಳಿದ ಜಾತಿಗಳನ್ನು ಕಡಿಯುವ ಹಳೆಯ ವಾಡಿಕೆಯನ್ನು ಬಿಡಬೇಕು, ಕೆಂಪು ಮೇಪಲ್ ಮರಗಳನ್ನೂ ಬೆಳೆಯಗೊಡಬೇಕು. ಅದರ ರಸದಲ್ಲಿ ಸಕ್ಕರೆ ತುಸು ಕಡಮೆ, ಮೊಗ್ಗೂ ಬೇಗ ಬಿರಿಯುವುದು. ಆದರೆ ನಾನಾ ಬಗೆಯ ಮಣ್ಣನ್ನೂ ಹವೆಯನ್ನೂ ಅದು ತಾಳಬಲ್ಲದು, ಮತ್ತು ಅದರ ಪಾಕವೂ ರುಚಿಯಾಗಿಯೇ ಇರುವುದು.