ಮೂರಂಗುಲದ ಮರಿ, ನಾಲ್ಕಡಿಯ ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ರೆಡ್‌ಟೇಲ್ ಕ್ಯಾಟ್‌ಫಿಶ್ ಮರಿ ಹೆಚ್ಚೆಂದರೆ ಮೂರಂಗುಲ ಇರುತ್ತದೆ. ಕಪ್ಪು ಬೆನ್ನು, ಪಕ್ಕೆಯುದ್ದಕ್ಕೂ ಬಿಳಿ ಪಟ್ಟೆ, ಮೂತಿಗೆ ಮೂರು ಜೊತೆ ಮೀಸೆ. ಕೊಳ್ಳುವವರು ಮರುಳಾಗಲು ಇಷ್ಟು ಸಾಕು. ಮರಿ ಮೊದಲ ವರ್ಷದಲ್ಲೇ ಅಡಿ ದಾಟುತ್ತದೆ ಎನ್ನುವುದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಇದರ ತವರಾದ ಅಮೆಜಾನ್, ಒರಿನೊಕೊ ನದಿಗಳಲ್ಲಿ ಬಲಿತ ರೆಡ್‌ಟೇಲ್ ನಾಲ್ಕು ಅಡಿ ಬೆಳೆದು 40 ಕಿಲೋ ಮೀರಿ ತೂಗಿದ್ದುಂಟು.

‘ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ ಬಿಡಿ’ ಎಂಬ ಮಾತು ಈ ವ್ಯಾಪಾರದಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಜಾಗಕ್ಕೆ ಹೊಂದಿಕೊಂಡ ಲಕ್ಷಣವಲ್ಲ, ಕೆಟ್ಟ ನೀರಿನಲ್ಲಿ ನರಳುತ್ತಿರುವ ಲಕ್ಷಣ.

ನೀರು ಕೆಡುವುದು ಹೇಗೆ ಎಂದು ತಿಳಿದರೆ ದೊಡ್ಡ ಮೀನಿನ ಆರೋಗ್ಯದ ಮುಕ್ಕಾಲು ಪಾಲು ತಿಳಿದಂತೆ. ಆಹಾರದ ಪ್ರೋಟೀನ್ ಕರಗಿದಾಗ ಹುಟ್ಟುವ ಅಮೋನಿಯಾವನ್ನು ಮೀನು ಬಹುಪಾಲು ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ಉದ್ದ ಎರಡು ಪಟ್ಟಾದರೆ ಮೀನಿನ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ತಿನ್ನುವುದೂ ಕಕ್ಕುವುದೂ ಅದರ ಹಿಂದೆಯೇ ಏರುತ್ತವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮಾಮೂಲಿ ಟ್ಯಾಂಕ್ ತುಂಬಿದರೂ 57 ಲೀಟರ್ ದಾಟುವುದಿಲ್ಲ. ಅಷ್ಟು ನೀರಿನಲ್ಲಿ ಅಡಿಯುದ್ದದ ಕ್ಯಾಟ್‌ಫಿಶ್ ತನ್ನದೇ ವಿಷದಲ್ಲಿ ಉಸಿರಾಡುತ್ತಿರುತ್ತದೆ.

ಫಿಲ್ಟರ್‌ನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಕೊಂಡ ದಿನವೇ ಟ್ಯಾಂಕಿಗೆ ಬಿಟ್ಟ ಮೀನು ವಾರದೊಳಗೆ ಸಾಯುವುದರ ಗುಟ್ಟು ಬಹುಪಾಲು ಇಷ್ಟೇ. ನೀರಿನ ಪಿಎಚ್ ಕೂಡ ಇಲ್ಲಿ ಆಟವಾಡುತ್ತದೆ. 28 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಅದು ಆರೇಳು ಪಾಲಿಗೆ ಜಿಗಿಯುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಳಸುವವರು ಈ ಲೆಕ್ಕವನ್ನು ಮರೆಯುವಂತಿಲ್ಲ. ನಲ್ಲಿ ನೀರಾದರೆ ಬೇರೆ ತಂಟೆ: ಅದರ ಕ್ಲೋರಿನ್ ಕಿವಿರನ್ನು ಸುಡುವುದಲ್ಲದೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಾಗಾಗಿ ಸ್ಪಂಜನ್ನು ನಲ್ಲಿಯ ಕೆಳಗಲ್ಲ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಬೇಕು. ಕರೆಂಟು ಗಂಟೆಗಟ್ಟಲೆ ಹೋದರೆ ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಸಿಗದು. ಬ್ಯಾಟರಿಯ ಏರ್‌ಪಂಪ್ ಒಂದು ಮನೆಯಲ್ಲಿದ್ದರೆ ಒಳ್ಳೆಯದು.

ಕ್ಯಾಟ್‌ಫಿಶ್‌ಗಳ ಮೈಯದೇ ಇನ್ನೊಂದು ಕತೆ. ಇವುಗಳಿಗೆ ಹುರುಪೆಗಳಿಲ್ಲ. ಹಲವು ಜಾತಿಗಳಲ್ಲಿ ಮೀಸೆಯಲ್ಲಷ್ಟೇ ಅಲ್ಲ, ಚರ್ಮದ ತುಂಬ ರುಚಿಮೊಗ್ಗುಗಳಿವೆ. ಉತ್ತರ ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್‌ನಲ್ಲಿ ಅವುಗಳ ಸಂಖ್ಯೆ ಲಕ್ಷ ದಾಟುತ್ತದೆ. ಮೈಯೆಲ್ಲ ನಾಲಿಗೆಯಾದ ಜೀವಿ ಇದು. ಚೂಪು ಜಲ್ಲಿಕಲ್ಲು ಹಾಸಿದರೆ ಮೀಸೆ ಸವೆದು ಹುಣ್ಣಾಗುತ್ತದೆ, ಆದ್ದರಿಂದ ತಳಕ್ಕೆ ನುಣ್ಣನೆಯ ಮರಳೇ ಸರಿ. ಚಳಿಗಾಲದಲ್ಲಿ ಹೀಟರ್‌ಗೆ ಒರಗಿ ಮಲಗಿ ಹೊಟ್ಟೆ ಸುಟ್ಟುಕೊಳ್ಳುವ ಅಭ್ಯಾಸ ಇವಕ್ಕಿದೆ. ಹೀಟರ್‌ಗೊಂದು ಪ್ಲಾಸ್ಟಿಕ್ ಜಾಲರಿ ತೊಡಿಸಬೇಕು. ಬಿಳಿ ಚುಕ್ಕೆ ರೋಗ ಬಂದಾಗ ಬಾಟಲಿಯ ಮೇಲೆ ಬರೆದ ಅಳತೆಯನ್ನೇ ಕಣ್ಣುಮುಚ್ಚಿ ಸುರಿಯುವುದು ದೊಡ್ಡ ತಪ್ಪು. ತಾಮ್ರ, ಮ್ಯಾಲಕೈಟ್ ಗ್ರೀನ್‌ನಂಥ ಮದ್ದುಗಳನ್ನು ಹುರುಪೆಯಿಲ್ಲದ ಮೀನು ಸುಲಭಕ್ಕೆ ತಾಳಿಕೊಳ್ಳದು. ರೋಗದ ಪರಾವಲಂಬಿ ಮೀನಿನ ಚರ್ಮದೊಳಗೆ ಅಡಗಿರುವಾಗ ಮದ್ದು ಅದಕ್ಕೆ ತಾಗುವುದೂ ಇಲ್ಲ. ಹೊರಬಿದ್ದು ನೀರಲ್ಲಿ ಈಜುವ ಹಂತದಲ್ಲಿ ಮಾತ್ರ ಅದು ಸಾಯುತ್ತದೆ. ಅದಕ್ಕೇ ಕಡಿಮೆ ಅಳತೆಯಲ್ಲಿ, ಹೆಚ್ಚು ದಿನ ಚಿಕಿತ್ಸೆ ಮಾಡಬೇಕಾಗುತ್ತದೆ. ಬಲೆಯ ವಿಷಯವೂ ಅಷ್ಟೇ. ಎದೆಯ ರೆಕ್ಕೆಯ ಮುಳ್ಳು ಎಳೆಗಳಿಗೆ ಸಿಕ್ಕಿಕೊಳ್ಳುವುದರಿಂದ ಇವನ್ನು ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದೇ ಕ್ಷೇಮ.

ತಿನ್ನಿಸುವುದರಲ್ಲಿ ಮನುಷ್ಯರ ಅಕ್ಕರೆಯೇ ಶತ್ರು. ರೆಡ್‌ಟೇಲ್ ದಿನದ ಹೆಚ್ಚು ಹೊತ್ತು ಅಲುಗಾಡದೆ ಬಿದ್ದಿರುವ ಮೀನು. ಬಲಿತ ಮೇಲೆ ವಾರಕ್ಕೆ ಎರಡು ಮೂರು ಊಟ ಧಾರಾಳವಾಯಿತು. ನೋಡಲು ರೋಮಾಂಚನ ಎಂದು ಬದುಕಿರುವ ಗೋಲ್ಡ್‌ಫಿಶ್‌ಗಳನ್ನು ಎಸೆಯುವವರಿದ್ದಾರೆ. ಗೋಲ್ಡ್‌ಫಿಶ್‌ನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ, ಜೊತೆಗೆ ರೋಗವೂ ಉಚಿತವಾಗಿ ಬರುತ್ತದೆ. ಮುಳುಗುವ ಪೆಲೆಟ್, ಸೀಗಡಿ, ಮೀನಿನ ತುಂಡು ಕೊಟ್ಟರೆ ಸಾಕು.

ಹಾಗಾದರೆ ಮನೆಗೆ ಯಾವುದು ಸರಿ? ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಟ್ಯಾಂಕಿಗೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಆಫ್ರಿಕಾದ ಸಿನೊಡಾಂಟಿಸ್, ದಕ್ಷಿಣ ಅಮೆರಿಕದ ಪಟ್ಟೆಪಟ್ಟೆ ರಾಫೆಲ್, ಗಂಡಿನ ಮೂತಿಯ ಮೇಲೆ ಕುಚ್ಚು ಬೆಳೆಯುವ ಬ್ರಿಸಲ್‌ನೋಸ್ ನೆಮ್ಮದಿಯಾಗಿ ಬಾಳುತ್ತವೆ. ಅಡಗಲು ಮರದ ಬೇರು, ಕೊಳವೆ ಇಟ್ಟು, ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲಿಸಿದರೆ ಆಯಿತು.

‘ಶಾರ್ಕ್’ ಎಂದು ಮಾರುವ ಮೀನು ಮಾತ್ರ ಬೇಡ. ಅದು ಮೆಕಾಂಗ್ ನದಿಯ ಪಂಗಾಸಿಯಸ್, ಹೋಟೆಲಿನ ತಟ್ಟೆಗೆ ಬಾಸಾ ಎಂಬ ಹೆಸರಲ್ಲಿ ಬರುವುದೂ ಅದೇ. ಗುಂಪಿನಲ್ಲಿ ಈಜುತ್ತ ನಾಲ್ಕಡಿ ಬೆಳೆಯಬಲ್ಲ ಈ ಮೀನು ಒಂಟಿಯಾದರೆ ಬೆದರಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ. ಪಾಚಿ ತಿಂದು ಟ್ಯಾಂಕ್ ತೊಳೆಯುತ್ತದೆಂದು ತರುವ ಸಕ್ಕರ್ ಕೂಡ ಒಂದೂವರೆ ಅಡಿ ಬೆಳೆದು, ತೊಳೆಯುವುದಕ್ಕಿಂತ ಹೆಚ್ಚು ಗಲೀಜು ಮಾಡುತ್ತದೆ. ಬೇಸತ್ತವರು ಕೆರೆಗೆ ಬಿಟ್ಟ ಸಕ್ಕರ್‌ಗಳು ಈಗ ಪೂರ್ವ ಕೋಲ್ಕತ್ತದ ಜೌಗು ಪ್ರದೇಶದಲ್ಲಿ ಮೀನುಗಾರರಿಗೆ ಪೀಡೆಯಾಗಿವೆ.

ಬೆಳೆದ ರೆಡ್‌ಟೇಲ್ ಈಗಾಗಲೇ ಮನೆಯಲ್ಲಿದ್ದರೆ? ಮಹಡಿಯ ಮೇಲೆ ದೊಡ್ಡ ಟ್ಯಾಂಕ್ ಕಟ್ಟಿಸುವುದು ಅಪಾಯ. ಭಾರತೀಯ ಮಾನದಂಡದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. ಎರಡಡಿ ಆಳದ ನೀರೇ 600 ಕಿಲೋ ತೂಗುತ್ತದೆ. ಉಳಿಯುವ ದಾರಿ ತೋಟದ ಸಿಮೆಂಟ್ ತೊಟ್ಟಿ. ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ, ಒಂದು ಮೀಟರ್ ಆಳದ ತೊಟ್ಟಿಯಲ್ಲಿ 15,000 ಲೀಟರ್ ನೀರಿರುತ್ತದೆ. ಅದರ ಮೂರರಲ್ಲೊಂದು ಪಾಲು ಎಂದರೆ ವಾರಕ್ಕೊಂದು ಸಣ್ಣ ಟ್ಯಾಂಕರ್.